ಮೇ ತಿಂಗಳ ಸೆಕೆಯಲ್ಲಿ ಪಿಲಿಕುಳ: ಮಕ್ಕಳು, ಹಿರಿಯರ ಜೊತೆ ಹೋಗುವಾಗ

ಪ್ರಶ್ನೆ: ನಾವು ಉಡುಪಿ ಸಮೀಪದವರು. ಮೇ ಎರಡನೇ ವಾರ ಮುಂಬೈಯಿಂದ ನಾದಿನಿಯ ಸಂಸಾರ ಊರಿಗೆ ಬರುತ್ತದೆ. ಎಲ್ಲ ಸೇರಿ ಏಳು ಜನ ಒಂದು ದಿನ ಮಂಗಳೂರು ಹತ್ತಿರದ ಪಿಲಿಕುಳ ನಿಸರ್ಗಧಾಮಕ್ಕೆ ಹೋಗಿ ಮೃಗಾಲಯ, ಮಾನಸ ವಾಟರ್ ಪಾರ್ಕ್ ಎರಡನ್ನೂ ಮುಗಿಸಿಕೊಂಡು ಬರುವ ಅಂದಾಜು. ಮಗಳಿಗೆ 9, ಮಗನಿಗೆ 4 ವರ್ಷ. ಅತ್ತೆಗೆ 67, ಬಿಪಿ, ಶುಗರ್ ಎರಡಕ್ಕೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಕಳೆದ ವರ್ಷ ಬೇರೊಂದು ಪಾರ್ಕಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಮಗಳಿಗೆ ತಲೆನೋವು ಬಂದು ವಾಂತಿಯಾಯಿತು. ನೀರಲ್ಲೇ ಇದ್ದವಳಿಗೆ ಹೀಗೇಕಾಯಿತು? ಈ ಸಲ ಏನು ಜಾಗ್ರತೆ ಮಾಡಬೇಕು? ಒಆರ್‌ಎಸ್, ಬೊಂಡ (ಎಳನೀರು) ಎಷ್ಟು ಕೊಡಬಹುದು?

ಉತ್ತರ: ಮೊದಲು ಮಗಳ ವಿಷಯ. ಬಿಸಿಲಲ್ಲಿ ಆಡಿದ ದಿನ ತಲೆನೋವು, ಓಕರಿಕೆ, ವಾಂತಿ, ಸುಸ್ತು ಒಟ್ಟಿಗೆ ಬಂದರೆ ಮೊದಲು ಸಂಶಯಪಡಬೇಕಾದ್ದು ಸೆಕೆಯ ಬಳಲಿಕೆಯನ್ನೇ. ನೀರಲ್ಲಿದ್ದವರಿಗೂ ಅದು ಬರುತ್ತದೆ. ಓಡಾಡಿ ಆಡುವಾಗ ನೀರಿನೊಳಗೂ ಮೈ ಬೆವರುತ್ತದೆ. ಆದರೆ ಬೆವರಿದ್ದು ಗೊತ್ತಾಗುವುದಿಲ್ಲ, ಬಾಯಾರುವುದೂ ಕಡಿಮೆ. ಎದೆಮಟ್ಟ ನೀರಲ್ಲಿ ನಿಂತಾಗ ನೀರಿನ ಒತ್ತಡಕ್ಕೆ ಕಾಲಿನ ರಕ್ತ ಎದೆಯ ಕಡೆ ಸರಿಯುತ್ತದೆ. ಮೈಯಲ್ಲಿ ನೀರು ಜಾಸ್ತಿಯಾಯಿತೆಂದು ತಿಳಿದು ಮೂತ್ರಪಿಂಡ ಅದನ್ನು ಹೊರಗೆ ಹಾಕುತ್ತದೆ. ಕೊಳಕ್ಕೆ ಇಳಿದ ಮಕ್ಕಳು ಪದೇ ಪದೇ ಶೌಚಾಲಯಕ್ಕೆ ಓಡುವುದು ಇದಕ್ಕೇ. ಸಾಲದ್ದಕ್ಕೆ ನೆತ್ತಿ ಮಾತ್ರ ನೀರಿನ ಹೊರಗೆ, ನೇರ ಬಿಸಿಲಿಗೆ. ಮಕ್ಕಳ ಕೊಳದ ಮೊಣಕಾಲುದ್ದದ ನೀರು ಮಧ್ಯಾಹ್ನದ ಹೊತ್ತಿಗೆ ತಣ್ಣಗೂ ಇರುವುದಿಲ್ಲ.

ಇನ್ನು ನಮ್ಮ ಕರಾವಳಿಯ ಸೆಕೆ. ಕಲಬುರಗಿಯಲ್ಲಿ 42 ಡಿಗ್ರಿ, ನಮ್ಮಲ್ಲಿ 33 ಎಂಬ ಅಂಕಿ ನೋಡಿ ಸಮಾಧಾನಪಡುವಂತಿಲ್ಲ. ಮೈ ತಂಪಾಗುವುದು ಬೆವರು ಸುರಿದಾಗಲ್ಲ, ಅದು ಆರಿದಾಗ. ಗಾಳಿಯಲ್ಲೇ ತೇವ ತುಂಬಿಕೊಂಡಿದ್ದರೆ ಬೆವರು ಆರದೆ ಬರೀ ಹರಿದುಹೋಗುತ್ತದೆ. ನೀರು, ಉಪ್ಪು ಹೋಯಿತು, ತಂಪು ಬರಲಿಲ್ಲ. 32 ಡಿಗ್ರಿ ಉಷ್ಣತೆಗೆ 70 ಶೇಕಡಾ ತೇವಾಂಶ ಸೇರಿದರೆ ಮೈಗೆ ಅದು 40ರ ಆಸುಪಾಸಿನ ಸೆಕೆ. ಹವಾಮಾನ ಇಲಾಖೆ ಬಿಸಿಗಾಳಿ ಎಂದು ಪರಿಗಣಿಸಲು ಬಯಲು ಸೀಮೆಗೆ 40 ಡಿಗ್ರಿ ಆಗಬೇಕು, ಕರಾವಳಿಗೆ 37 ಸಾಕು ಎಂದು ಇಟ್ಟುಕೊಂಡಿದೆ. ಹಾಗಾಗಿ ಮೊಬೈಲಿನಲ್ಲಿ ಹವೆ ನೋಡುವಾಗ ಡಿಗ್ರಿಯ ಪಕ್ಕದಲ್ಲಿ ತೇವಾಂಶವನ್ನೂ ನೋಡಿ. ಇಲಾಖೆಯ ‘ಮೌಸಮ್’ ಆ್ಯಪ್‌ನಲ್ಲಿ ಬಿಸಿ ಮತ್ತು ಆರ್ದ್ರ ಹವೆಯ ಎಚ್ಚರಿಕೆ ಕಂಡ ದಿನ ಪ್ರವಾಸವನ್ನು ಮುಂದೆ ಹಾಕಿದರೆ ನಷ್ಟವಿಲ್ಲ.

ಇದರಿಂದ ಹೊರಡುವ ಮಾತು ಇಷ್ಟೇ: ಇಲ್ಲಿ ನೀರು ಕುಡಿಯುವುದೊಂದರಿಂದ ಸೆಕೆ ನಿಭಾಯಿಸಲಾಗುವುದಿಲ್ಲ. ಮೈಗೆ ಗಾಳಿ ತಾಗಬೇಕು, ನಡುನಡುವೆ ಒಣ ತಂಪು ಜಾಗದಲ್ಲಿ ಕೂರಬೇಕು. ದಿನವನ್ನು ಅದಕ್ಕೆ ಸರಿಯಾಗಿ ಹೊಂದಿಸಬೇಕು.

ನೀವು ಹಾಕಿಕೊಂಡಿರುವ ಯೋಜನೆ ನಾಲ್ಕು ವರ್ಷದ ಮಗುವಿಗೂ 67ರ ಅತ್ತೆಯವರಿಗೂ ಹೆಚ್ಚಾಯಿತು. ಪಿಲಿಕುಳ 350 ಎಕರೆಗೂ ಮೀರಿದ ಜಾಗ. ಮೃಗಾಲಯವೊಂದನ್ನೇ ಕಾಲ್ನಡಿಗೆಯಲ್ಲಿ ನೋಡಲು ಎರಡು ಗಂಟೆ ಬೇಕು. ಎರಡನ್ನೂ ಒಂದೇ ದಿನ ಮಾಡಲೇಬೇಕೆಂದಿದ್ದರೆ ಹೆಚ್ಚಿನವರು ಮಾಡುವ ಕ್ರಮವನ್ನು ತಿರುಗಿಸಿ. ಬೆಳಿಗ್ಗೆ ನೀರಿಗಿಳಿದು, ಊಟ ಮಾಡಿ, ಎರಡು ಗಂಟೆಯ ಬಿಸಿಲಿಗೆ ಹುಲಿ ನೋಡಲು ಹೊರಡುವುದು ಅತ್ಯಂತ ಕೆಟ್ಟ ಕ್ರಮ. ಆ ಹೊತ್ತಿಗೆ ಹುಲಿಯೂ ನೆರಳಲ್ಲಿ ಮಲಗಿರುತ್ತದೆ. ಗೇಟು ತೆರೆಯುವ ಹೊತ್ತಿಗೇ ಮೃಗಾಲಯಕ್ಕೆ ಹೋಗಿ, 11.30ರ ಒಳಗೆ ಹೊರಗೆ ಬನ್ನಿ. ನಡುಮಧ್ಯಾಹ್ನವನ್ನು ಊಟಕ್ಕೂ ಸ್ವಾಮಿ ವಿವೇಕಾನಂದ ತಾರಾಲಯಕ್ಕೂ ಇಟ್ಟುಕೊಳ್ಳಿ. 2018ರಲ್ಲಿ ತೆರೆದ ಈ ತಾರಾಲಯದ ಎ.ಸಿ. ಸಭಾಂಗಣದಲ್ಲಿ ಕೂತು ಏಳುವಾಗ ಮೈಯ ಬಿಸಿ ಚೆನ್ನಾಗಿ ಇಳಿದಿರುತ್ತದೆ. ವಾಟರ್ ಪಾರ್ಕಿಗೆ ಮೂರರ ನಂತರ. ಸಣ್ಣವನಿಗೆ ಎರಡು ಗಂಟೆಯ ನೀರಾಟ ಧಾರಾಳ ಸಾಕು. ಪ್ರದರ್ಶನದ ಸಮಯ, ಪಾರ್ಕು ಮುಚ್ಚುವ ಸಮಯ, ವಾರದ ರಜೆ ಇವಿಷ್ಟನ್ನು ಹಿಂದಿನ ದಿನ ಫೋನ್ ಮಾಡಿ ಕೇಳಿಕೊಳ್ಳಿ. ಉಡುಪಿಯಿಂದ ಬರುವಾಗ ಮಂಗಳೂರಿನ ನಂತೂರಿನಲ್ಲಿ ವಾಹನಗಳ ಸಾಲಿಗೆ ಸಿಕ್ಕಿ ಅರ್ಧ ಗಂಟೆ ಹೋದರೆ ತಂಪು ಹೊತ್ತಿನ ಅರ್ಧ ಗಂಟೆಯೇ ಹೋಯಿತು. ಏಳಕ್ಕೆ ಮೊದಲೇ ಮನೆ ಬಿಡಿ.

ನಡುಮಧ್ಯಾಹ್ನವನ್ನು ತಪ್ಪಿಸಿ ಎನ್ನಲು ಇನ್ನೊಂದು ಕಾರಣವಿದೆ. ಮಂಗಳೂರಿನಲ್ಲಿ ಸೂರ್ಯ ಅತ್ಯಂತ ಎತ್ತರಕ್ಕೆ ಬರುವುದು 12 ಗಂಟೆಗಲ್ಲ, ಸುಮಾರು 12.30ಕ್ಕೆ. ಏಪ್ರಿಲ್ ಕೊನೆಯ ವಾರ ಅವನು ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಮೇ ಎರಡನೇ ವಾರಕ್ಕೆ ಸ್ವಲ್ಪವೇ ಬಡಗಣಕ್ಕೆ ಸರಿದಿರುತ್ತಾನೆ. ಆಳೆತ್ತರದ ಗೋಡೆಗೂ ಆಗ ಗೇಣುದ್ದದ ನೆರಳು. ಗೋಡೆಯ ಮಗ್ಗುಲಲ್ಲಿ ನಿಂತು ನೆರಳಿದೆ ಎಂದುಕೊಳ್ಳುವುದು ಸುಳ್ಳು ಸಮಾಧಾನ. ಮರದಡಿ ಇಲ್ಲವೇ ಮಾಡಿನ ಕೆಳಗೇ ಹೋಗಬೇಕು. ತಗಡಿನ ಮಾಡಾದರೆ ಅದೇ ಕಾದು ಕೆಳಗೆ ಶಾಖ ಬಿಡುತ್ತದೆ, ಮರದಡಿಯೇ ಮೇಲು. ನೆಲವನ್ನೂ ಮರೆಯಬೇಡಿ. ಮುರಕಲ್ಲಿನ ನೆಲ, ಇಂಟರ್‌ಲಾಕ್, ಕಾಂಕ್ರೀಟು ಎಲ್ಲವೂ ಕಾದಿರುತ್ತವೆ; ದೊಡ್ಡವರ ಎದೆಮಟ್ಟದಲ್ಲಿ ಇರುವುದಕ್ಕಿಂತ ಹೆಚ್ಚು ಬಿಸಿ ಸಣ್ಣವನ ಮುಖದ ಮಟ್ಟದಲ್ಲಿ ಇರುತ್ತದೆ. ಸ್ಲೈಡಿನ ಮೆಟ್ಟಿಲ ಸಾಲಿನಲ್ಲಿ ಬರಿಗಾಲಲ್ಲಿ ಹತ್ತು ನಿಮಿಷ ನಿಂತು ಅಂಗಾಲು ಬೊಬ್ಬೆ ಬಂದ ಮಕ್ಕಳು ಪ್ರತಿ ಮೇಯಲ್ಲೂ ಇರುತ್ತಾರೆ. ಮೆಟ್ಟಿಲ ತನಕ ರಬ್ಬರ್ ಚಪ್ಪಲಿ ಹಾಕಿಸಿ, ಮೇಲೆ ಒಬ್ಬರು ದೊಡ್ಡವರು ಅದನ್ನು ಹಿಡಿದುಕೊಳ್ಳಲಿ. ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿ ಬಿಸಿಲಿಗೆಂದು ಮೇಲೆ ಬೈರಾಸು (ಟವೆಲು) ಹೊದೆಸುವ ಅಭ್ಯಾಸವೂ ಬೇಡ. ಒಳಗೆ ಗಾಳಿ ನಿಂತು ಹೊರಗಿಗಿಂತ ಹೆಚ್ಚು ಬಿಸಿಯಾಗುತ್ತದೆ.

ಬಟ್ಟೆಯಲ್ಲಿ ಎರಡು ಜೊತೆ ಲೆಕ್ಕ ಹಾಕಿ. ನಡೆದಾಡಲು ಸಡಿಲ, ತೆಳು ಹತ್ತಿ; ನಮ್ಮ ಹವೆಗೆ ಅದು ಮಧ್ಯಾಹ್ನದೊಳಗೆ ಒದ್ದೆಮುದ್ದೆಯಾಗಿ ಆರುವುದಿಲ್ಲ, ಊಟದ ಹೊತ್ತಿಗೆ ಬದಲಾಯಿಸಬೇಕು. ಒದ್ದೆ ಬಟ್ಟೆಯಲ್ಲೇ ನಡೆದರೆ ತೊಡೆಸಂದು ಉಜ್ಜಿ ಉರಿ ಹತ್ತುತ್ತದೆ. ನೀರಿಗೆ ನೈಲಾನ್ ಅಥವಾ ಪಾಲಿಯೆಸ್ಟರಿನ ತುಂಬುತೋಳಿನ ಈಜುಡುಗೆ. ವಾಟರ್ ಪಾರ್ಕುಗಳು ಹತ್ತಿ ಬಟ್ಟೆಯನ್ನು ಬಿಡದಿರುವುದಕ್ಕೆ ಕಾರಣವಿದೆ: ನೂಲೆಳೆ ಬಿಟ್ಟು ಫಿಲ್ಟರ್ ಕಟ್ಟುತ್ತದೆ, ನೀರು ಕುಡಿದು ಭಾರವಾಗುತ್ತದೆ. ಬಣ್ಣ ಕಿತ್ತಳೆಯೋ ಕೆಂಪೋ ಇರಲಿ; ತಿಳಿನೀಲಿ, ಬಿಳಿ ತೊಟ್ಟ ಮಗು ನೀರೊಳಗೆ ಕಣ್ಣಿಗೇ ಬೀಳುವುದಿಲ್ಲ. ತಲೆಗೆ ಸುತ್ತ ಅಂಚಿರುವ ಟೊಪ್ಪಿ. ನಡೆಯುವಾಗ ಅತ್ತೆಯವರಿಗೆ ಕೊಡೆ ಎಲ್ಲಕ್ಕಿಂತ ಒಳ್ಳೆಯದು, ನೆರಳಿನ ಜೊತೆ ಗಾಳಿಗೂ ದಾರಿ ಬಿಡುತ್ತದೆ. ನಮ್ಮ ಗದ್ದೆ ಕೆಲಸದವರ ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ) ಕೂಡ ಬಿಗಿಯಾದ ಕ್ಯಾಪಿಗಿಂತ ಮೇಲು, ಆದರೆ ಅದನ್ನು ಹಾಕಿಕೊಂಡು ಪಾರ್ಕಿಗೆ ಬರುವ ಧೈರ್ಯ ಎಷ್ಟು ಜನರಿಗೆ ಉಂಟೋ!

ಸನ್‌ಸ್ಕ್ರೀನ್ ಎಸ್‌ಪಿಎಫ್ 30ರ ಮೇಲಿನದು, ನೀರಿಗೆ ತಡೆಯುವಂಥದ್ದು. ನೀರಿಗಿಳಿಯುವ 15–20 ನಿಮಿಷ ಮೊದಲು ಹಚ್ಚಬೇಕು. ಮುಖ, ಕುತ್ತಿಗೆಗೆ ಎರಡು ಬೆರಳಿನ ಉದ್ದಕ್ಕೂ ಗೆರೆ ಎಳೆದಷ್ಟು ಬೇಕು. ಕಡಲೆಕಾಳಿನಷ್ಟು ಹಚ್ಚಿದರೆ ಡಬ್ಬಿಯ ಮೇಲಿನ ಅಂಕಿಯ ರಕ್ಷಣೆ ಸಿಗದು. ಎರಡು ಗಂಟೆಗೊಮ್ಮೆ, ಬೈರಾಸಿನಿಂದ ಒರೆಸಿಕೊಂಡ ಮೇಲೆ ಮತ್ತೊಮ್ಮೆ. ಕಿವಿ, ಪಾದದ ಮೇಲ್ಭಾಗ, ಬೈತಲೆ ಮರೆತುಹೋಗುವ ಜಾಗಗಳು. ತೆಂಗಿನೆಣ್ಣೆ ಹಚ್ಚಿ ಬಿಸಿಲಿಗೆ ಕಳುಹಿಸಬೇಡಿ. ಅದು ಬಿಸಿಲನ್ನು ತಡೆಯುವುದು ಅಷ್ಟಕ್ಕಷ್ಟೇ. ಬೆವರುಸಾಲೆ ಎದ್ದ ಮೈಗೆ ಹಚ್ಚಿದರೆ ಬೆವರಿನ ರಂಧ್ರ ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಬೆವರುಸಾಲೆಗೆ ತಣ್ಣೀರ ಸ್ನಾನ, ಗಾಳಿ, ತುರಿಕೆ ಹೆಚ್ಚಿದ್ದರೆ ಕ್ಯಾಲಮೈನ್ ಲೋಷನ್.

ಈಗ ನೀರಿನ ಲೆಕ್ಕ. ಬಿಸಿಲಲ್ಲಿ ನಡೆಯುವ ದೊಡ್ಡವರಿಗೆ 20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ 200 ಎಂ.ಎಲ್. ಮಗಳಿಗೆ 100ರಿಂದ 150, ಸಣ್ಣವನಿಗೆ ಅರ್ಧ ಲೋಟದಷ್ಟು. ಬಾಯಾರಿಕೆಗೆ ಕಾಯದೆ ಗಡಿಯಾರ ನೋಡಿ ಕೊಡಿ, ಅದರಲ್ಲೂ ನೀರಲ್ಲಿ ಆಡುವಾಗ. ಮಕ್ಕಳನ್ನು ಕರೆದರೆ ಬರುವುದಿಲ್ಲ ಎಂಬುದು ಗೊತ್ತಿದ್ದದ್ದೇ. 20 ನಿಮಿಷಕ್ಕೆ ಮೊಬೈಲಿನಲ್ಲಿ ಅಲಾರಂ ಇಟ್ಟು, ಕುಡಿದ ಮೇಲೆಯೇ ಮುಂದಿನ ಸ್ಲೈಡು ಎಂಬ ಕರಾರು ಮೊದಲೇ ಆಗಿರಲಿ. ಮರೆತು ಕೊನೆಗೆ ಒಂದೇ ಸಲ ಒಂದೂವರೆ ಲೀಟರ್ ಕುಡಿಸಿ ಸರಿದೂಗಿಸಲು ಹೋಗಬೇಡಿ. ಬರೀ ನೀರು ಮಿತಿಮೀರಿದರೆ ರಕ್ತದ ಸೋಡಿಯಂ ಇಳಿದು, ಅದರಿಂದಲೂ ತಲೆನೋವು, ವಾಂತಿ ಬರುತ್ತದೆ. ಮೂತ್ರದ ಬಣ್ಣ ತಿಳಿಹಳದಿ ಇದ್ದರೆ ಸಾಕಷ್ಟು ಕುಡಿಯುತ್ತಿದ್ದಾರೆಂದು ಅರ್ಥ. ಗಾಢ ಹಳದಿಯಾದರೆ, ಅಥವಾ ಆರು ಗಂಟೆ ಕಳೆದರೂ ಮಗು ಮೂತ್ರಕ್ಕೆ ಹೋಗದಿದ್ದರೆ ಕಡಿಮೆಯಾಗಿದೆ.

ಒಆರ್‌ಎಸ್ ಎಲ್ಲರಿಗೂ ದಿನವಿಡೀ ಬೇಕಿಲ್ಲ. ಉಪ್ಪಿರುವ ತಿಂಡಿ, ಊಟ ಸರಿಯಾಗಿ ಆದರೆ ಹೆಚ್ಚಿನವರಿಗೆ ನೀರು, ಮಜ್ಜಿಗೆನೀರು, ಪುನರ್ಪುಳಿ (ಕೋಕಂ) ಶರಬತ್ತು ಸಾಕು. ಎರಡು ಗಂಟೆಗಿಂತ ಹೆಚ್ಚು ಬೆವರಿದವರಿಗೆ, ಕಾಲು ಸೆಳೆತ ಬಂದವರಿಗೆ, ವಾಂತಿ ಮಾಡಿದವರಿಗೆ ಒಆರ್‌ಎಸ್. ಇಲ್ಲಿ ಆಗುವ ದೊಡ್ಡ ತಪ್ಪು ಬೆರೆಸುವುದರಲ್ಲಿ. 21 ಗ್ರಾಂ ಆಸುಪಾಸಿನ ದೊಡ್ಡ ಪೊಟ್ಟಣ ಒಂದು ಲೀಟರಿಗೆ, 200 ಎಂ.ಎಲ್. ಲೋಟಕ್ಕೆ ಬೇರೆ ಸಣ್ಣ ಪೊಟ್ಟಣ ಬರುತ್ತದೆ. ಕೈಯಲ್ಲಿ ಅರ್ಧ ಲೀಟರಿನ ಬಾಟಲಿ ಇದೆಯೆಂದು ದೊಡ್ಡ ಪೊಟ್ಟಣವನ್ನು ಅದಕ್ಕೇ ಸುರಿದರೆ ಉಪ್ಪು ಇಮ್ಮಡಿಯಾಗುತ್ತದೆ, ಬಾಯಾರಿಕೆ ಹೆಚ್ಚಿ ಮಗುವಿಗೆ ಇನ್ನಷ್ಟು ತೊಂದರೆ. ಅಂದಾಜಿನಲ್ಲಿ ಅರ್ಧ ಪೊಟ್ಟಣ ಹಾಕುವುದೂ ಬೇಡ, ಪುಡಿ ಸಮವಾಗಿ ಬರುವುದಿಲ್ಲ. ಒಂದು ಲೀಟರಿನ ಬಾಟಲಿಯನ್ನೇ ಒಯ್ಯಿರಿ. ಜ್ಯೂಸ್, ಸೋಡ, ಬೊಂಡದ ನೀರಿಗೆ ಬೆರೆಸಬಾರದು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಪೆಟ್ಟಿಗೆಯಲ್ಲಿ ಬರುವ ಹಣ್ಣಿನ ರುಚಿಯ ಸಿಹಿ ಪಾನೀಯಗಳನ್ನು ಒಆರ್‌ಎಸ್ ಎಂದು ಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಿಸಿದ್ದು ಎಂದು ಪೊಟ್ಟಣದ ಮೇಲೆ ಬರೆದಿರಬೇಕು.

ಬೊಂಡ ಒಳ್ಳೆಯದೇ, ಆದರೆ ಅದು ಒಆರ್‌ಎಸ್‌ಗೆ ಬದಲಿಯಲ್ಲ. ಬೆವರಿನಲ್ಲಿ ಮುಖ್ಯವಾಗಿ ಹೋಗುವುದು ಸೋಡಿಯಂ. ಬೊಂಡದಲ್ಲಿ ಹೆಚ್ಚಿರುವುದು ಪೊಟ್ಯಾಸಿಯಂ. ಮಕ್ಕಳಿಗೆ ಬೊಂಡದ ಜೊತೆ ಏನಾದರೂ ಉಪ್ಪಿನ ತಿಂಡಿ ಕೊಟ್ಟರೆ ಸರಿಹೋಗುತ್ತದೆ. ಅತ್ತೆಯವರ ಮೂತ್ರಪಿಂಡ ಚೆನ್ನಾಗಿದ್ದರೆ ದಿನಕ್ಕೆ ಒಂದಕ್ಕೆ ತೊಂದರೆಯಿಲ್ಲ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಹೆಚ್ಚಿದ್ದರೆ ಅಥವಾ ಮೈಯಲ್ಲಿ ಪೊಟ್ಯಾಸಿಯಂ ಉಳಿಸುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಇದ್ದರೆ ಬೊಂಡ ಬೇಡ. ದಾರಿಬದಿಯ ಕಬ್ಬಿನ ಹಾಲು, ಐಸ್ ಹಾಕಿದ ಶರಬತ್ತು ಮೇ ತಿಂಗಳಲ್ಲಿ ಕಾಮಾಲೆ, ಟೈಫಾಯ್ಡಿಗೆ ದಾರಿ. ಐಸು ಯಾವ ನೀರಿನದು ಎಂದು ಯಾರಿಗೂ ತಿಳಿಯದು. ಗಡ್‌ಬಡ್ ಐಸ್‌ಕ್ರೀಂ ತಿನ್ನಲಿ, ಬೇಡವೆನ್ನುವುದಿಲ್ಲ, ಸಂಜೆ ನೀರಾಟ ಮುಗಿದ ಮೇಲೆ.

ಅತ್ತೆಯವರ ಮಾತ್ರೆಗಳನ್ನು ಹೊರಡುವ ಒಂದು ವಾರ ಮೊದಲು ಎದುರಿಗಿಟ್ಟು ನೋಡಿ. ಬಿಪಿ ಮಾತ್ರೆಯ ಪಟ್ಟಿಯಲ್ಲಿ ಹೆಸರಿನ ಕೊನೆಗೆ ‘ಎಚ್’, ‘ಸಿಟಿ’ ಅಥವಾ ‘ಸಿಎಚ್’ ಎಂಬ ಅಕ್ಷರ ಸೇರಿದ್ದರೆ ಸಾಮಾನ್ಯವಾಗಿ ಅದರಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಇರುತ್ತದೆ. ಸಕ್ಕರೆ ಕಾಯಿಲೆಯ ಔಷಧದ ಹೆಸರು ‘ಗ್ಲಿಫ್ಲೋಜಿನ್’ ಎಂದು ಕೊನೆಯಾದರೆ ಅದೂ ಮೂತ್ರದ ಮೂಲಕ ನೀರು ಹೊರಹಾಕುವಂಥದ್ದು. ಎರಡೂ ಇದ್ದು ಮೇಲಿಂದ ಬೆವರೂ ಸುರಿದರೆ ಬೆಂಚಿನಿಂದ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಬೀಳುವ ಅಪಾಯವಿದೆ. ಮೆಟೊಪ್ರೊಲೋಲ್, ಅಟೆನೊಲೋಲ್ ಎಂಬ ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸೆಕೆಗೆ ಹೃದಯದ ಬಡಿತ ಬೇಕಾದಷ್ಟು ಏರುವುದಿಲ್ಲ. ನೆಗಡಿ, ತುರಿಕೆಗೆ ಕೊಡುವ ಹಳೆಯ ಮಾತ್ರೆಗಳು, ಪ್ರಯಾಣದ ವಾಂತಿಗೆ ನುಂಗುವ ಪ್ರೊಮೆಥಜಿನ್ ಕೂಡ ಬೆವರನ್ನು ಕಡಿಮೆ ಮಾಡುತ್ತವೆ. ಇವನ್ನೆಲ್ಲ ನೀವೇ ನಿಲ್ಲಿಸಬಾರದು. ಆ ದಿನದ ಮಾತ್ರೆ ಹೇಗೆ, ನೀರು ಎಷ್ಟು ಎಂದು ಅವರನ್ನು ನೋಡುವ ವೈದ್ಯರನ್ನೇ ಕೇಳಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ನೀರು ಇಷ್ಟೇ ಎಂದು ಮಿತಿ ಹಾಕಿದ್ದರೆ ಮೇಲೆ ಹೇಳಿದ ಲೋಟದ ಲೆಕ್ಕ ಅವರಿಗೆ ಹೊಂದುವುದಿಲ್ಲ.

ಶುಗರ್ ಇಳಿದಾಗಲೂ ಬೆವರು, ನಡುಕ, ಗಲಿಬಿಲಿ ಬರುವುದರಿಂದ ಸೆಕೆ ಎಂದುಕೊಂಡು ನೀರು ಕೊಟ್ಟು ಸುಮ್ಮನಾಗುವವರಿದ್ದಾರೆ. ಗ್ಲುಕೋಮೀಟರ್ ಕೈಚೀಲದಲ್ಲಿರಲಿ, 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಮೀಟರನ್ನಾಗಲಿ ಇನ್ಸುಲಿನನ್ನಾಗಲಿ ಕಾರಿನಲ್ಲಿ ಬಿಡಬೇಡಿ. ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆಯಲ್ಲಿ 15 ಡಿಗ್ರಿಗೂ ಹೆಚ್ಚು ಏರುತ್ತದೆ, ಕಿಟಕಿ ಒಂದಿಂಚು ಇಳಿಸಿದ್ದರೂ ಹೆಚ್ಚೇನೂ ವ್ಯತ್ಯಾಸವಾಗದು. ನಿದ್ದೆ ಹೋದ ಮಗುವನ್ನು ಐದು ನಿಮಿಷ ಅಂತ ಅದರಲ್ಲಿ ಬಿಟ್ಟು ಹೋಗುವುದು ಪ್ರಾಣಕ್ಕೇ ಅಪಾಯ.

ಊಟಕ್ಕೆ ನಮ್ಮ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿಯನ್ನು ಮೀರಿಸುವುದು ಕಷ್ಟ: ನೀರು, ಉಪ್ಪು, ಪಿಷ್ಟ ಮೂರೂ ಒಂದೇ ಬಟ್ಟಲಲ್ಲಿ. ಬಿಸಿಯಿರುವಾಗಲೇ ಫ್ಲಾಸ್ಕಿಗೆ ತುಂಬಿಸಿ. ಹೊರಗಿನ ಆಹಾರ ಬಿಡದ ಪಾರ್ಕುಗಳಲ್ಲೂ ಮಗುವಿನ ಊಟ, ಔಷಧ, ಒಆರ್‌ಎಸ್ ಬಗ್ಗೆ ಕೇಳಿದರೆ ಹೆಚ್ಚಾಗಿ ಒಪ್ಪುತ್ತಾರೆ. ಕೋಳಿ ಸುಕ್ಕ, ಬಿರಿಯಾನಿ ತಿಂದು ಬಿಸಿಲಿಗೆ ಇಳಿಯುವುದು ಬೇಡ. ಊಟವಾಗಿ ಒಂದು ಗಂಟೆಯ ಮೇಲೆ ನೀರಾಟ. ತಂಪಿಗೆ ಒಂದು ಥರ್ಮೋಕೋಲ್ ಪೆಟ್ಟಿಗೆ ಸಾಕು (ಮೀನು ತಂದ ಹಳೆಯದನ್ನು ತೊಳೆದು ತರಬೇಡಿ, ವಾಸನೆ ಹೋಗದು). ಹಿಂದಿನ ರಾತ್ರಿ ಒಂದು ಲೀಟರಿನ ಮೂರು ಬಾಟಲಿಗೆ ಮುಕ್ಕಾಲು ಮಾತ್ರ ನೀರು ತುಂಬಿಸಿ ಫ್ರೀಜರಿನಲ್ಲಿಡಿ. ಗಟ್ಟಿಯಾಗುವಾಗ ನೀರು ಹಿಗ್ಗುತ್ತದೆ, ತುಂಬಾ ತುಂಬಿಸಿದರೆ ಒಡೆಯುತ್ತದೆ. ಕರಗಿದಂತೆ ಅದನ್ನೇ ಕುಡಿಯಬಹುದು.

ಮೈಯ ಬಿಸಿ ಇಳಿಸಲು ಅಗ್ಗದ ಎರಡು ಸಾಧನ: ನೀರು ಸಿಂಪಡಿಸುವ ಬಾಟಲಿ, ಅಡಿಕೆ ಹಾಳೆಯ ಬೀಸಣಿಗೆ. ಒಣ ಮೈಗೆ ಬೀಸುವುದಕ್ಕಿಂತ ಒದ್ದೆ ಮಾಡಿ ಬೀಸಿದರೆ ಎಷ್ಟೋ ಪಾಲು ಹೆಚ್ಚು ತಂಪು. ನಮ್ಮ ಗಾಳಿ 35 ಡಿಗ್ರಿ ದಾಟುವುದು ಕಡಿಮೆಯಾದ್ದರಿಂದ ಇಲ್ಲಿ ಫ್ಯಾನು ಉಪಯೋಗಕ್ಕೆ ಬರುತ್ತದೆ. ಒದ್ದೆ ಬೈರಾಸನ್ನು ಕುತ್ತಿಗೆಗೆ ಸುತ್ತಿ ಗಾಳಿಯಿಲ್ಲದ ಕಡೆ ಕೂತರೆ ಮಾತ್ರ ಅದು ಐದು ನಿಮಿಷದಲ್ಲಿ ಬೆಚ್ಚಗಾಗುತ್ತದೆ. ಮುಂಗೈಯನ್ನು ಮೊಣಕೈ ತನಕ ತಣ್ಣೀರಲ್ಲಿ ಹತ್ತು ನಿಮಿಷ ಇಟ್ಟುಕೊಳ್ಳುವುದು ಅತ್ತೆಯವರಿಗೆ ಬಹಳ ಅನುಕೂಲ, ಬಟ್ಟೆ ಒದ್ದೆ ಮಾಡಿಕೊಳ್ಳಬೇಕಿಲ್ಲ.

ಇನ್ನು ಕೆಟ್ಟರೆ ಏನು ಮಾಡುವುದು. ಮಗಳಿಗೆ ಮತ್ತೆ ತಲೆನೋವು, ಓಕರಿಕೆ ಶುರುವಾದರೆ ತಕ್ಷಣ ನೆರಳಿಗೆ ತನ್ನಿ, ಈಜುಡುಗೆ ಸಡಿಲಿಸಿ, ಮಲಗಿಸಿ ಕಾಲು ಸ್ವಲ್ಪ ಎತ್ತರಕ್ಕಿಡಿ, ಒದ್ದೆ ಮಾಡಿ ಬೀಸಿ. ವಾಂತಿಯಾದರೆ ಹತ್ತು ನಿಮಿಷ ಏನೂ ಬೇಡ. ಆಮೇಲೆ ಒಆರ್‌ಎಸ್ ಒಂದೊಂದು ಟೀ ಚಮಚ, ಒಂದೆರಡು ನಿಮಿಷಕ್ಕೊಮ್ಮೆ. ಲೋಟ ಎತ್ತಿ ಕುಡಿಸಿದರೆ ಮತ್ತೆ ವಾಂತಿ. ಅರ್ಧ ಗಂಟೆಯಲ್ಲಿ ಚೇತರಿಸಿಕೊಂಡರೂ ಆ ದಿನ ಅವಳಿಗೆ ನೀರಾಟ ಮುಗಿಯಿತು. ಅತ್ತು ಕರೆದರೂ ಮತ್ತೆ ಕಳುಹಿಸಬೇಡಿ. ಅರ್ಧ ಗಂಟೆಗೂ ಸುಧಾರಿಸದಿದ್ದರೆ, ವಾಂತಿ ನಿಲ್ಲದಿದ್ದರೆ ಆಸ್ಪತ್ರೆ.

ಮಾತು ತೊದಲಿದರೆ, ಸಂಬಂಧವಿಲ್ಲದ್ದು ಹೇಳಿದರೆ, ನಡಿಗೆ ಓಲಾಡಿದರೆ, ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ ಅದು ಬಿಸಿಲಾಘಾತ ಎಂದೇ ತಿಳಿಯಿರಿ. ಮೈಯೊಳಗಿನ ಬಿಸಿ 40 ಡಿಗ್ರಿ ದಾಟಿರಬಹುದು. ಮೈ ಒಣಗಿರಬೇಕು ಎಂದೇನಿಲ್ಲ. ಆಡುತ್ತಿದ್ದವರಲ್ಲಿ ಬೆವರು ಇದ್ದೇ ಇರಬಹುದು. ಒದ್ದೆ ಹಣೆಗೆ ಹಿಡಿಯುವ ಥರ್ಮೋಮೀಟರಿನ ಅಂಕಿ ನಂಬುವಂತಿಲ್ಲ. ಒಬ್ಬರು 108ಕ್ಕೆ ಫೋನ್ ಮಾಡಲಿ, ಉಳಿದವರು ಅಲ್ಲೇ ತಂಪು ಮಾಡಲು ಶುರುಮಾಡಲಿ. ಬಟ್ಟೆ ತೆಗೆದು, ಇಡೀ ಮೈಗೆ ನೀರು ಸುರಿಯುತ್ತಾ ಜೋರಾಗಿ ಬೀಸಬೇಕು. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಬಟ್ಟೆ ಸುತ್ತಿದ ಐಸ್ ಬಾಟಲಿ. ಆಂಬುಲೆನ್ಸ್ ಬರುವ ತನಕ ನಿಲ್ಲಿಸಬಾರದು, ಏಕೆಂದರೆ ಮಿದುಳಿಗೆ ಆಗುವ ಹಾನಿ ಬಿಸಿ ಎಷ್ಟು ಹೊತ್ತು ಇತ್ತು ಎಂಬುದರ ಮೇಲಿದೆ. ಎಚ್ಚರ ಸರಿಯಿಲ್ಲದವರ ಬಾಯಿಗೆ ಹನಿ ನೀರೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಪ್ಯಾರಾಸಿಟಮಾಲ್ ಕೊಡುವುದೂ ವ್ಯರ್ಥ: ಜ್ವರದಲ್ಲಿ ಮಿದುಳೇ ಮೈಯ ಬಿಸಿಯ ಮಟ್ಟವನ್ನು ಏರಿಸಿರುತ್ತದೆ, ಮಾತ್ರೆ ಅದನ್ನು ಇಳಿಸುತ್ತದೆ, ಬಿಸಿಲಾಘಾತದಲ್ಲಿ ಬಿಸಿ ಹೊರಗಿನಿಂದ ಸೇರಿಕೊಂಡದ್ದು.

ಮುಂಬೈಯವರ ಬಗ್ಗೆ ಒಂದು ಮಾತು. ಅವರಿಗೂ ಸಮುದ್ರದ ಸೆಕೆ ಹೊಸತಲ್ಲ, ಆದರೆ ದಿನವಿಡೀ ಎ.ಸಿ.ಯಲ್ಲಿರುವವರ ಮೈ ಸೆಕೆಗೆ ಒಗ್ಗಲು ಒಂದೆರಡು ವಾರ ಬೇಕು. ಬಂದ ಮಾರನೇ ದಿನವೇ ಪಿಲಿಕುಳ ಇಟ್ಟುಕೊಳ್ಳದೆ, ನಾಲ್ಕೈದು ದಿನ ಸಂಜೆ ಮಲ್ಪೆ ಕಡಲ ತೀರದಲ್ಲಿ ಮಕ್ಕಳನ್ನು ಓಡಾಡಿಸಿ ಆಮೇಲೆ ಹೋಗಿ. ಹಿಂದಿನ ಎರಡು ದಿನದಲ್ಲಿ ಯಾರಿಗಾದರೂ ಭೇದಿ, ಜ್ವರ ಆಗಿದ್ದರೆ ಅವರು ಮನೆಯಲ್ಲೇ ಇರಲಿ.

ಮೇ ಎರಡನೇ ವಾರದ ಸಂಜೆ ಗುಡುಗು ಸಾಮಾನ್ಯ. ಮೊದಲ ಗುಡುಗು ಕೇಳಿಸಿದ ಕೂಡಲೇ ಎಲ್ಲರೂ ನೀರಿನಿಂದ ಹೊರಗೆ, ಕಟ್ಟಡದ ಒಳಗೆ; ಮರದಡಿ ಆಗ ಬೇಡ. ಕೊನೆಯ ಗುಡುಗಾಗಿ 30 ನಿಮಿಷ ಕಳೆಯುವ ತನಕ ಮತ್ತೆ ಇಳಿಯಬಾರದು. ಮನೆಗೆ ಬಂದ ಮೇಲೆ ಮಕ್ಕಳಿಗೆ ಸ್ನಾನ ಮಾಡಿಸಿ ಕ್ಲೋರಿನ್ ತೊಳೆಯಿರಿ. ಅತ್ತೆಯವರ ರಾತ್ರಿಯ ಬಿಪಿ ಮಾತ್ರೆ ಕೊಡುವ ಮುಂಚೆ ಕೂತು ಒಮ್ಮೆ, ನಿಂತು ಒಮ್ಮೆ ಬಿಪಿ ನೋಡಿ. ನಿಂತಾಗ ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಇಳಿದರೆ ಅಥವಾ ತಲೆ ತಿರುಗಿದರೆ ಮಾತ್ರೆ ಕೊಡುವ ಮೊದಲು ವೈದ್ಯರಿಗೆ ಫೋನ್ ಮಾಡಿ.